ನಿಂತು ತಿಂದದ್ದು

ಮೊಂಟೆವಿಡಿಯೊ ನಗರದಲ್ಲಿ ಕಟ್ಟುತ್ತಿದ್ದ ಆ ಒಂಬತ್ತು ಮಹಡಿಯ ಕಟ್ಟಡದಲ್ಲಿ ವಿಲ್ಮಾರ್ ತೆಚೇರ ಹೆಸರಾದದ್ದು ಗಾರೆ ಕೆಲಸಕ್ಕಲ್ಲ, ಶುಕ್ರವಾರ ಮಧ್ಯಾಹ್ನದ ಕೆಲಸಕ್ಕೆ. ಮರಳಿನ ರಾಶಿಯ ಪಕ್ಕ, ಉದ್ದಕ್ಕೆ ಸೀಳಿದ ಡ್ರಮ್ಮಿನಲ್ಲಿ ಕೆಂಡ ಮಾಡಿ ಹದಿನಾಲ್ಕು ಜನಕ್ಕೆ ಮಾಂಸ ಸುಡುವವನು ಅವನು. ಅವನು ಎಬ್ಬಿಸಿದ ಗೋಡೆಯನ್ನು ಮೇಸ್ತ್ರಿ ಎರಡು ಸಲ ಕೆಡವಿಸಿದ್ದುಂಟು. ಅವನು ಸುಟ್ಟ ಪಕ್ಕೆಲುಬನ್ನು ಯಾರೂ ವಾಪಸು ಕಳಿಸಿರಲಿಲ್ಲ. ಊಟ ಶುರುವಾಗುವಾಗ, ಅಲ್ಲಿಯ ವಾಡಿಕೆಯಂತೆ, ಮಾಂಸ ಸುಟ್ಟವನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೂವತ್ತೆರಡು ವರ್ಷದ ಬಾಳಿನಲ್ಲಿ ತಾನು ಗಳಿಸಿದ ಆಸ್ತಿ ಅದೊಂದೇ ಎಂದು ವಿಲ್ಮಾರ್ ಹೇಳಿಕೊಳ್ಳುತ್ತಿದ್ದ.

ಮಾರ್ಚಿನಲ್ಲಿ ಅವನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತು. ಇಟ್ಟಿಗೆ ಬಿತ್ತು ಎಂದು ಎಲ್ಲರಿಗೂ ಹೇಳಿದ. ಹೊದಿಕೆ ತಗುಲಿದರೂ ಕಿರುಚುವಂತಾದಾಗ ಡಾಕ್ಟರ್ ಮಿರಿಯಂ ಒಲಿವೇರಾರ ಬಳಿ ಹೋದ. ಏಳರೊಳಗಿರಬೇಕಾದ, ಮಾಂಸ ತಿಂದಷ್ಟೂ ಏರುವ ಯೂರಿಕ್ ಆಸಿಡ್ ಅವನ ರಕ್ತದಲ್ಲಿ 8.9 ಇತ್ತು.

"ಇಟ್ಟಿಗೇನೇ ಬಿದ್ದಿದ್ರೆ ಮರ್ಯಾದೆ ಉಳೀತಿತ್ತು ಡಾಕ್ಟ್ರೇ."

"ಬೆರಳು ವಾಸಿಯಾಗುತ್ತೆ ಕಣಪ್ಪಾ. ನನ್ನ ಚಿಂತೆ ಇಲ್ಲಿ," ಎಂದು ಆಕೆ ತಮ್ಮ ಕತ್ತು ಮುಟ್ಟಿ ತೋರಿಸಿದರು. ಸ್ಕ್ಯಾನಿನಲ್ಲಿ ಅವನ ಕತ್ತಿನ ರಕ್ತನಾಳದ ಗೋಡೆ ವಯಸ್ಸಿಗೆ ಮೀರಿ ದಪ್ಪವಾಗಿತ್ತು, ಬಿ.ಪಿ.ಯೂ ಏರಿತ್ತು. "ಈ ಆಸಿಡ್ ಜಾಸ್ತಿ ಇರೋರಲ್ಲಿ ರಕ್ತನಾಳದ ಕಾಯಿಲೇನೂ ಜಾಸ್ತಿ. ಇದೇ ಕಾರಣ ಅಂತ ಖಡಾಖಂಡಿತವಾಗಿ ಹೇಳಕ್ಕಾಗಲ್ಲ. ನಿಮ್ಮಪ್ಪ ಹೇಗಿದ್ದಾರೆ?"

ಅಪ್ಪನ ಬೆರಳೂ ಊದುತ್ತಿತ್ತು. ಐವತ್ತೊಂದಕ್ಕೆ ಎದೆ ಹಿಡಿದುಕೊಂಡು ಹೋದ. ವಿಲ್ಮಾರ್ ಕೂತಲ್ಲೇ ಅದರಲ್ಲಿ ತನ್ನ ವಯಸ್ಸು ಕಳೆದು ನೋಡಿದ: ಹತ್ತೊಂಬತ್ತು ವರ್ಷ. ಮನೆಯಲ್ಲಿ ಆರು ವರ್ಷದ ಮಗಳಿದ್ದಳು.

ಆಕೆ ನೋವಿಗೆ ಮಾತ್ರೆ ಕೊಟ್ಟು, ಮಾಂಸ ಬಿಡಲು ಮತ್ತು ಮೂರು ತಿಂಗಳು ತಿಂದದ್ದನ್ನೆಲ್ಲ ಬರೆದಿಡಲು ಹೇಳಿದರು. ಅವನು ಚಾಚೂ ತಪ್ಪದೆ ಬರೆದ. ಮೂರು ತಿಂಗಳ ಮೇಲೆ ಆಸಿಡ್ 9.4.

"ಶುಕ್ರವಾರ: ಟೊಮೆಟೊ, ಈರುಳ್ಳಿ, ಬ್ರೆಡ್ಡು," ಎಂದು ಆಕೆ ಓದಿದರು. "ಸುಳ್ಳು ಬರೆದಿದ್ದೀಯಾ?"

"ಮಗಳಾಣೆ ಇಲ್ಲ."

ಆಕೆ ಕನ್ನಡಕ ತೆಗೆದರು. "ಸುಡೋದು ಯಾರು?"

"ನಾನೇ."

"ಕೆಂಡದ ಹತ್ರ ನಿಂತಾಗ ಬಾಯಿಗೆ ಏನು ಹೋಗುತ್ತೆ?"

"ಅದು ಊಟ ಅಲ್ವಲ್ಲ ಡಾಕ್ಟ್ರೇ! ಹದ ನೋಡೋದು. ಕಿಡ್ನಿ ಒಂದೆರಡು ಚೂರು, ಬೋಟಿ, ಗುಂಡಿಗೆ..."

"ಎಷ್ಟು?"

ಅವನು ಎರಡೂ ಕೈ ಚಾಚಿ ತೋರಿಸತೊಡಗಿದ. ಕೈಗಳು ದೂರವಾಗುತ್ತಲೇ ಹೋದವು.

"ನಮ್ಮಪ್ಪಾನೂ ಹೀಗೇ," ಎಂದರು ಡಾಕ್ಟರ್. "ಸುಡ್ತಾ ಸುಡ್ತಾ ತಿಂದು, ಊಟಕ್ಕೆ ಕೂತ್ರೆ ಹಸಿವಿಲ್ಲ ಅಂತಿದ್ದ." ಆಕೆ ಆಸಿಡ್ ಇಳಿಸುವ ಮಾತ್ರೆ ಬರೆದರು. "ನೀನು ನಿಂತಿದ್ದೀಯೋ ಕೂತಿದ್ದೀಯೋ ಅಂತ ರಕ್ತನಾಳ ಕೇಳಲ್ಲ."

ಆ ಶುಕ್ರವಾರ ವಿಲ್ಮಾರ್ ಕೊಳಾಯಿ ಕೆಲಸದ ನೆಲ್ಸನ್‌ನನ್ನು ಹದ ನೋಡಲು ಪಕ್ಕದಲ್ಲಿ ನಿಲ್ಲಿಸಿಕೊಂಡ.

"ಯಾಕ್ ಗುರು, ವಿಷ ಹಾಕಿದ್ಯಾ?"

"ಇಟ್ಟಿಗೆ ಬಿದ್ದಿರ್ಲಿಲ್ಲ ಕಣೋ," ಎಂದು ವಿಲ್ಮಾರ್ ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆಯೇ ಬೋಟಿಯ ತುಂಡೊಂದು ಬಾಯಿಗೆ ಹೋಗಿತ್ತು. ಅದನ್ನು ಮೊದಲು ಕಂಡವನು ನೆಲ್ಸನ್.

"ಲೇ, ಅಗೀತಿದ್ದೀಯಲ್ಲೋ!"

ವಿಲ್ಮಾರ್ ಉಗುಳಿದ. ಇಕ್ಕಳವನ್ನು ನೆಲ್ಸನ್ ಕೈಗಿಟ್ಟು, ಕೆಂಡದಿಂದ ದೂರ ಸಿಮೆಂಟ್ ಚೀಲದ ಮೇಲೆ ಹೋಗಿ ಕೂತ.

ಪಕ್ಕೆಲುಬು ಒಂದು ಕಡೆ ಕರಿಕಲಾಗಿತ್ತು. ಆದರೂ ಚಪ್ಪಾಳೆ ಬಿತ್ತು, ನೆಲ್ಸನ್‌ಗೆ. ವಿಲ್ಮಾರ್ ಕೂಡ ತಟ್ಟಿದ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಸಂಜೆ ಪುಸ್ತಕ ತೆಗೆದು ಬರೆದ: ಶುಕ್ರವಾರ: ಟೊಮೆಟೊ, ಈರುಳ್ಳಿ, ಬ್ರೆಡ್ಡು. ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದ: ಬೋಟಿ, ಅರ್ಧ ತುಂಡು, ಉಗುಳಿದ್ದು.