ಬಸ್ಸಿಗಿಂತ ಮೊದಲು ಬಂದ ಮದುಮಗ

ಭಂಡಿಗಡಿಯ ನಮ್ಮ ಮನೆಯ ಅಂಗಳಕ್ಕೆ ಹೊಸ ಕಾರೊಂದು ಭರ್ರನೆ ಬಂದು ನಿಂತಾಗ ಅಪ್ಪಯ್ಯನ ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆಯಿತ್ತು. ಇಳಿದವರು ಅಂದು ನನ್ನನ್ನು ಮದುವೆಯಾಗಬೇಕಿದ್ದ ವರ ಮತ್ತು ಕಾರು ಓಡಿಸಿಕೊಂಡು ಬಂದ ಅವರ ಸ್ನೇಹಿತ.

"ಶೆಟ್ಟಿಕೊಪ್ಪ ಬಿಟ್ಟಿದ್ದೂ ಗೊತ್ತಾಗ್ಲಿಲ್ಲ, ಇಲ್ಲಿಗೆ ಬಂದಿದ್ದೂ ಗೊತ್ತಾಗ್ಲಿಲ್ಲ!" ಎಂದು ಸ್ನೇಹಿತರು ಬೀಗಿದರು. ದಿಬ್ಬಣದವರು, ಪುರೋಹಿತರು, ತಾಳಿ ಎಲ್ಲ ಹಿಂದೆ ಬಾಡಿಗೆ ಬಸ್ಸಿನಲ್ಲಿ ತೆವಳಿಕೊಂಡು ಬರಬೇಕಿತ್ತು.

ಆರತಿ ಎತ್ತಬೇಕಿದ್ದ ನಮ್ಮ ಸೋದರತ್ತೆ ಅಡ್ಡ ನಿಂತರು. "ಎಂತ ಮಾರಾಯ್ರೆ, ದಿಬ್ಬಣ ಇಲ್ದೆ ಬರೀ ಮದುಮಗನ್ನ ಎದುರುಗೊಳ್ಳೂದು ಹ್ಯಾಂಗೆ? ವಾಪಸ್ ಕರ್ಕಂಡ್ ಹೋಗಿ, ಬಸ್ಸಿನ ಜೊತೆಗೇ ಬನ್ನಿ."

ಪೇಟ ತೊಟ್ಟ ವರ ರಸ್ತೆ ತಿರುವಿನ ಮೋರಿಕಟ್ಟೆಯ ಮೇಲೆ ಕೂತು, ಮುಹೂರ್ತ ಹತ್ತಿರವಾದಂತೆಲ್ಲ ಕತ್ತು ಚಾಚಿ ಬಸ್ಸಿಗೆ ಕಾದರು. ಪಾಪ ಅನ್ನಿಸಿ ನಾನೇ ಅಲ್ಲಿಗೆ ಕಾಫಿ ಕಳಿಸಿದೆ. ಕೊನೆಗೆ ಬಸ್ಸು ಬಂತು. ಅದರ ಧೂಳು ತಿನ್ನುತ್ತ, ಹಿಂದೆಯೇ ಮೆಲ್ಲಗೆ ಕಾರೂ ಬಂತು.

ಈಗಲೂ ಇವರು ಪೇಪರಿನಲ್ಲಿ ಕಾರಿನ ಜಾಹೀರಾತು ಕಂಡು "ಎಂಥಾ ಸ್ಪೀಡು ನೋಡೇ!" ಎಂದು ಬಾಯಿ ಬಿಟ್ಟರೆ ನಾನು ಕೇಳುವುದಿಷ್ಟೇ: "ಕಾಫಿ ಇಲ್ಲೇ ಕೊಡ್ಲಾ, ಮೋರಿಕಟ್ಟೆಗೆ ಕಳಿಸ್ಲಾ?"