ಏನೂ ಆಗದ ಕಡೆ ನಿಂತವನು

ಮೊಣಕಾಲಿಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ. ಈ ಎಣ್ಣೆಯಿಂದ ನೋವು ಹೋಗುವುದಿಲ್ಲ, ಮನೆಯವರು ಮಾತ್ರ ದೂರ ಹೋಗುತ್ತಾರೆ, ಅಷ್ಟು ಘಾಟು. ಆ ಘಾಟು ಮೂಗಿಗೇರಿದ್ದೇ ತಡ, ಕುಮಟೆಯ ಕಾಲೇಜು ಮೈದಾನದ ಬದಿಯಲ್ಲಿ ಕಾಲು ಚಾಚಿ ಕೂತು ಇದೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನಮ್ಮ ಫುಟ್‌ಬಾಲ್ ತಂಡ ಕಣ್ಣೆದುರು ಬಂತು. ಬಾಡ ಊರಿನ ಮಾದೇವ ಮಾತ್ರ ಹಚ್ಚಿಕೊಳ್ಳುತ್ತಿರಲಿಲ್ಲ. ಅವನಿಗೆ ಪೆಟ್ಟೇ ಆಗುತ್ತಿರಲಿಲ್ಲ. ಪುಣ್ಯವಂತ ಎಂದುಕೊಂಡಿದ್ದೆವು.

ಅಷ್ಟರಲ್ಲೇ ಅವನ ಹೆಂಡತಿ ನಾಗವೇಣಿಯ ಫೋನ್ ಬಂತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಬಂದದ್ದು ಮರುದಿನ. ಮಾದೇವ ಬೋಟಿನ ಇಂಜಿನ್ ರಿಪೇರಿ ಮಾಡಿಕೊಂಡಿದ್ದ. ಕಳೆದ ಮಳೆಗಾಲದಲ್ಲಿ ಎದೆನೋವು ಎಂದವನನ್ನು ಮಂಗಳೂರಿಗೆ ಒಯ್ಯುತ್ತಿದ್ದರು. ಭಟ್ಕಳ ದಾಟುವುದರೊಳಗೆ ಹೋಗಿಬಿಟ್ಟ. ನಮ್ಮ ಕಡೆಯವರ ಎದೆನೋವಿಗೆ ದಾರಿ ಯಾವತ್ತೂ ಉದ್ದ. ಈಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವನ ಹೆಸರಿನಲ್ಲಿ ಪಂದ್ಯಾವಳಿ ಇಟ್ಟಿದ್ದರು. ಅವನ ಆಟದ ಬಗ್ಗೆ ಐದು ನಿಮಿಷ ಮಾತಾಡುವ ಕೆಲಸ ನನ್ನ ಕುತ್ತಿಗೆಗೆ ಬಿದ್ದಿತ್ತು.

"ಅಣ್ಣಾ, ನೀವು ಮಾತಾಡ್ತ್ರಂತೆ. ನಾ ಅವ್ರ ಆಟ ಒಂದಿನಾನೂ ನೋಡಿದ್ದಿಲ್ಲ. ಮದುವೆ ಆಗೂದ್ರೊಳಗೆ ಬಿಟ್ಟಾಗಿತ್ತು. ಕೇಳಿದ್ರೆ 'ಎಂತದೂ ಇಲ್ಲ, ಸುಮ್ನೆ ನಿಂತಿರ್ತಿದ್ದೆ' ಅಂತಿದ್ರು. ಮಗಳೂ ಬರ್ತದೆ. ಹ್ಯಾಂಗೆ ಆಡ್ತಿದ್ರು ಅಂತ ಸರೀ ಹೇಳಿ. ಸುಳ್ಳು ಮಾತ್ರ ಬೇಡ. ಸತ್ತವ್ರ ಬಗ್ಗೆ ಎಲ್ಲರೂ ಅದ್ನೇ ಹೇಳೂದು."

"ಆತು ತಂಗಿ" ಅಂದೆ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ಹೇಳಲು ನನ್ನಲ್ಲಿ ಏನೂ ಇಲ್ಲ.

ಅಲ್ಲ ಮಾರಾಯರೆ, ನಾನು ಆ ತಂಡದ ಗೋಲ್ ಕೀಪರ್. ಮಾದೇವ ಬ್ಯಾಕ್, ನನ್ನ ಎದುರಿಗೇ ನಿಲ್ಲುತ್ತಿದ್ದವನು. ಕಾಲೇಜಿನ ಅಷ್ಟೂ ವರ್ಷ ನಾನು ಪುಸ್ತಕಕ್ಕಿಂತ ಹೆಚ್ಚು ನೋಡಿದ್ದು ಅವನ ಬೆನ್ನನ್ನು. ಆದರೂ ಒಂದೇ ಒಂದು ಪಂದ್ಯದಲ್ಲಿ ಅವನು ಮಾಡಿದ್ದು ನೆನಪಿಗೆ ಬರಲೊಲ್ಲದು! ಹೊನ್ನಾವರದ ಮೈದಾನಕ್ಕೆ ನುಗ್ಗಿದ ನಾಯಿ ನೆನಪಿದೆ. ಗೆದ್ದ ಸಂಭ್ರಮಕ್ಕೆ ಶರಾವತಿ ಸೇತುವೆಯ ಹತ್ತಿರ ತಿಂದ ಹುರಿದ ಬಂಗುಡೆ ಮೀನು, ಆಮೇಲೆ ಬಸ್ಸಿನಲ್ಲಿ ನಾನು ವಾಂತಿ ಮಾಡಿಕೊಂಡದ್ದು, ಅದೂ ನೆನಪಿದೆ. ಮಾದೇವನದ್ದು ಏನಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಎಲ್ಲರೂ ಓಡುವಾಗ ಅವನು ನಡೆಯುತ್ತಿದ್ದ, ಅಷ್ಟು ಗೊತ್ತು. ಎಡಕ್ಕೆ ಒಂದೆರಡು ಹೆಜ್ಜೆ, ಆಮೇಲೆ ಸೊಂಟದ ಮೇಲೆ ಕೈ. ನಾನೋ ಹಿಂದಿನಿಂದ "ಬಲಕ್ಕೆ ಹೋಗೋ, ಬಲಕ್ಕೆ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಅವನು ತಿರುಗಿ, "ಎಂತಕ್ಕೆ ಕೂಗ್ತೆ ಮಾರಾಯಾ, ಆ ಬದಿ ಬರೂದಿಲ್ಲ ಚೆಂಡು" ಅನ್ನುತ್ತಿದ್ದ. ಬರುತ್ತಲೂ ಇರಲಿಲ್ಲ. ನಾನು ಬೆಳಿಗ್ಗೆ ಎದ್ದು ಕಡಲ ದಂಡೆಯ ಮರಳಿನಲ್ಲಿ ಹಾರಿ ಬೀಳುವುದನ್ನು ಕಲಿತದ್ದೇ ಬಂತು, ಪಂದ್ಯದಲ್ಲಿ ಹಾರುವ ಪ್ರಸಂಗವೇ ಇಲ್ಲ. ಒಂದು ವರ್ಷ ಉತ್ತಮ ಗೋಲ್ ಕೀಪರ್ ಬಹುಮಾನವನ್ನೂ ಕೊಟ್ಟರು ನನಗೆ. ತಗೊಂಡು ಬಂದೆ.

ತಲೆಕೆಟ್ಟು ಭಟ್ಕಳಕ್ಕೆ ಹೋದೆ. ಅಲ್ಲಿಯ ತಂಡದ ಫಾರ್ವರ್ಡ್ ಇಸ್ಮಾಯಿಲ್‌ಗೆ ಈಗ ಬಟ್ಟೆ ಅಂಗಡಿ, ಅಂಗಡಿಯಷ್ಟೇ ದೊಡ್ಡ ಹೊಟ್ಟೆ. ಅವನಿಗಾದರೂ ನೆನಪಿರಬಹುದು ಎಂದು.

"ಮಾದೇವನಾ? ಅರೆ, ಅವನ ಎದುರು ಆಡಿ ಮನೆಗೆ ಹೋದ್ರೆ ನಮ್ಮ ತಾಯಿ ಕೇಳ್ತಿದ್ರು, ಆಟಕ್ಕೆ ಹೋಗಿದ್ಯಾ ಮದುವೆಗೆ ಹೋಗಿದ್ಯಾ ಅಂತ. ಅಂಗಿಗೆ ಮಣ್ಣೇ ಇಲ್ಲ! ಚೆಂಡು ಸಿಕ್ಕಿದ್ರೆ ತಾನೇ?"

"ಅವನು ಮಾಡ್ತಿದ್ದದ್ದು ಎಂತ?"

ಇಸ್ಮಾಯಿಲ್ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟ. "ಕುಚ್ ನೈ ಭಾಯ್, ಏನೂ ಮಾಡ್ತಿರ್ಲಿಲ್ಲ. ನಾನು ಹೋಗ್ಬೇಕು ಅಂದ್ಕೊಂಡ ಜಾಗದಲ್ಲಿ ಮೊದ್ಲೇ ನಿಂತಿರ್ತಿದ್ದ."

ವಾಪಸು ಬರುವಾಗ ಬಸ್ಸಿನಲ್ಲಿ ತಲೆ ಇನ್ನಷ್ಟು ಗೊಜ್ಜಾಯಿತು. ಇದನ್ನು ಮೈಕಿನಲ್ಲಿ ಹೇಳುವುದು ಹೇಗೆ? ನಿಂತಿದ್ದ ಎಂದು ಒಬ್ಬನನ್ನು ಹೊಗಳಲಿಕ್ಕಾಗುತ್ತದೆಯೇ?

ಪಂದ್ಯಾವಳಿಯ ದಿನ ನನಗಿಂತ ಮೊದಲು ಮಾತಾಡಿದ ಗಣ್ಯರೊಬ್ಬರು ಮಾದೇವನ ಕೈಯಲ್ಲಿ, ಅಂದರೆ ಕಾಲಿನಲ್ಲಿ, ಅರ್ಧ ಮೈದಾನದಿಂದ ಗೋಲು ಹೊಡೆಸಿದರು. ಹೊಡೆತಕ್ಕೆ ಬಲೆ ಹರಿಯಿತಂತೆ. ನಮ್ಮ ಕಾಲದಲ್ಲಿ ಗೋಲಿಗೆ ಬಲೆಯೇ ಇರಲಿಲ್ಲ! ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನಾಗವೇಣಿ ವೇದಿಕೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು.

ಬರೆದು ತಂದದ್ದನ್ನು ಜೇಬಿನಲ್ಲೇ ಬಿಟ್ಟೆ. "ಮಾದೇವ ಗೋಲು ಹೊಡೆದದ್ದನ್ನು ನಾನು ನೋಡಿಲ್ಲ. ಅವನು ಓಡಿದ್ದು, ಹಾರಿದ್ದು, ಬಿದ್ದದ್ದು ಯಾವುದೂ ನೆನಪಿಲ್ಲ. ಅವನು ನಿಂತ ಕಡೆ ಏನೂ ಆಗುತ್ತಿರಲಿಲ್ಲ. ಅವನ ಹಿಂದೆ ಇದ್ದವನು ನಾನು, ನನ್ನ ತನಕ ಏನೂ ಬರಲಿಲ್ಲ. ಅದೇ ಅವನ ಆಟ." ಇಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಘಟಕರು ಬಗ್ಗಿ "ಮುಗೀತಾ?" ಎಂದರು. ಸತ್ತ ಗೆಳೆಯನನ್ನು ಹೊಗಳಿದೆನೋ, ಊರೆದುರು ಮರ್ಯಾದೆ ತೆಗೆದೆನೋ, ನನಗೇ ತಿಳಿಯದೆ ಬೆವರುತ್ತ ಕೂತೆ.

ಚಹಾ ಕುಡಿಯುವಲ್ಲಿಗೆ ನಾಗವೇಣಿ ಬಂದಳು. ಬೈಯುತ್ತಾಳೆ ಎಂದುಕೊಂಡೆ.

"ನಮ್ಮನೇಲೂ ಹಂಗೇ ಇತ್ತು" ಅಂದಳು. "ಮಾಡು ಸೋರಿದ್ದಿಲ್ಲ, ಗ್ಯಾಸು ಖಾಲಿ ಆಗಿ ಒಲೆ ನಿಂತದ್ದಿಲ್ಲ, ಅತ್ತೆಗೂ ನನಗೂ ಮಾತು ಬೆಳೆದದ್ದಿಲ್ಲ. ಎಂತದೂ ಆಗ್ತಿರ್ಲಿಲ್ಲ. ಸಂಸಾರ ಅಂದ್ರೆ ಹಂಗೇ ಇರ್ತದೆ ಅಂದ್ಕಂಡಿದ್ದೆ. ಅವ್ರು ಹೋದ್ಮೇಲೆ ಈ ಮಳೆಗಾಲ ಎಲ್ಲಾ ಒಂದೇ ಸಲ ಬಂತು."

ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದಳು, ಕುಡಿಯಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೈದಾನದ ಕಡೆ ನೋಡಿದಳು.

"ಹಾಂಗಾರೆ ನಾ ಅವ್ರ ಆಟ ನೋಡಿದ್ದೆ ಅಣ್ಣಾ. ದಿನಾ ನೋಡಿದ್ದೆ."