ದೊಡ್ಡಮಾದಮ್ಮನ ಚಾಪೆ

ಪಣಕಹಳ್ಳಿಯ ದೊಡ್ಡಮಾದಮ್ಮ ಕೂಲಿಗೆ ಇಳಿದು ಇಪ್ಪತ್ತು ವರ್ಷವಾಗಿತ್ತು. ಹಿಡಿದ ಸಾಲು ಮುಗಿಯುವ ತನಕ ಸೊಂಟ ನೆಟ್ಟಗೆ ಮಾಡಿದವಳಲ್ಲ. ಮಾತು ಮಾತ್ರ ಯಾರ ಮುಂದೆಯೂ ಬಗ್ಗಿದ್ದಲ್ಲ. ಅದಕ್ಕೇ ಅರ್ಧ ಊರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಇಂಥವಳಿಗೆ ಸೋಮಾರಿ ಅನ್ನುವ ಹೆಸರು ಬಂತೆಂದರೆ ನಂಬುತ್ತೀರಾ? ಬಂತು. ಅದೂ ಒಂದೇ ವಾರದಲ್ಲಿ.

ಜೋಳದ ದಂಟು ಕೊಯ್ಯುವಾಗ ಕುಡುಗೋಲು ಜಾರಿ ಕಾಲಿನ ನರ ಕತ್ತರಿಸಿತು. ಘಟ್ಟದ ಕೆಳಗೆ ತಮಿಳು ಸೀಮೆಯ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ, ಸೊಂಟದ ಕೆಳಗೆ ಮರಗಟ್ಟಿಸಿ, ನರ ಹೊಲಿದು ಕಳಿಸಿದರು. ಮನೆಗೆ ಬಂದ ಮಾರನೆಯ ದಿನ ಎದ್ದು ಕೂತಳೋ ಇಲ್ಲವೋ, ಕತ್ತಿನಿಂದ ಹಣೆಯವರೆಗೆ ತಲೆ ಸಿಡಿಯಿತು. ಮಲಗಿದಳು, ಹೋಯಿತು. ಎದ್ದಳು, ಬಂತು.

"ಕೊಯ್ದದ್ದು ಕಾಲು, ನೋಯೋದು ತಲೆ! ಮನಿಕ್ಕಂಡ್ರೆ ವಾಸಿಯಾಗೋ ಕಾಯ್ಲೆ ನಂಗೂ ಬರ್ಬಾರ್ದಾ ಕಣಮ್ಮಿ?" ನೋಡಲು ಬಂದ ಹೊಲದೊಡತಿ ವಸಂತಮ್ಮ ನಕ್ಕು ಹೋದಳು. ಗಂಡ ಶಿವಮಲ್ಲು ಕೂಡ, "ಜನ ಆಡ್ಕತಾರೆ, ಒಸಿ ಎದ್ದು ಕೂತ್ಕ," ಎಂದ. ದೊಡ್ಡಮಾದಮ್ಮನಿಗೆ ತಲೆನೋವಿಗಿಂತ ಆ ಮಾತೇ ಹೆಚ್ಚು ಉರಿಯಿತು. ಇಪ್ಪತ್ತು ವರ್ಷದ ದುಡಿಮೆ ಒಂದು ವಾರಕ್ಕೆ ಸುಳ್ಳಾಯಿತೇ?

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಇವಳ ಕೋಪ ಚಾಪೆಗೆ ಮೂಲವಾಯಿತು.

"ಆಸ್ಪತ್ರೆಗೆ ನಡಿ. ಚಾಪೆ ತಕ್ಕ," ಎಂದಳು.

ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಯೇ ದಿಂಬಂ ಘಟ್ಟ ಇಳಿದಳು. ಆಸ್ಪತ್ರೆಯಲ್ಲಿ ಟೋಕನ್ ಸಾಲು ಬಾಗಿಲವರೆಗೆ ಬೆಳೆದಿತ್ತು. ಚಾಪೆ ಹಾಸಿ ಸಾಲಿನಲ್ಲೇ ಮಲಗಿಬಿಟ್ಟಳು. ಸಾಲು ಒಂದು ಹೆಜ್ಜೆ ಮುಂದೆ ಹೋದಾಗೆಲ್ಲ ಶಿವಮಲ್ಲು ತಲೆ ತಗ್ಗಿಸಿಕೊಂಡು ಚಾಪೆ ಎಳೆಯುತ್ತಿದ್ದ.

ಎದ್ದು ಕೂರಮ್ಮ, ಇದೇನು ನಿಮ್ಮನೆ ಜಗಲಿಯಾ ಎಂದು ನರ್ಸು ತಮಿಳಿನಲ್ಲಿ ಗದರಿದಳು.

"ಎದ್ರೆ ನೋಯ್ತದ, ಮನಿಕ್ಕಂಡ್ರೆ ಓಯ್ತದ. ಇದ ಸುಳ್ಳು ಅನ್ನದೇ ಇರೋರು ಒಬ್ರು ಬರ್ಲಿ, ಏಳ್ತೀನಿ," ಎಂದು ದೊಡ್ಡಮಾದಮ್ಮ ಕನ್ನಡದಲ್ಲೇ ಜವಾಬು ಕೊಟ್ಟಳು.

ಗಲಾಟೆ ಕೇಳಿ ಹೊರಬಂದ ಡಾಕ್ಟರಮ್ಮ ಚಾಪೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಬೆನ್ನಿಗೆ ಸೂಜಿ ಹಾಕಿದ್ದರಾ, ಎಷ್ಟು ದಿನವಾಯಿತು ಎಂದಷ್ಟೇ ಕೇಳಿದರು. ನಗಲಿಲ್ಲ. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ದೊಡ್ಡಮಾದಮ್ಮನಿಗೆ ಅಳು ನುಗ್ಗಿ ಬಂತು.

ಸೂಜಿಯ ತೂತಿನಿಂದ ಬೆನ್ನುಹುರಿಯ ಸುತ್ತಲಿನ ನೀರು ಸೋರುತ್ತಿದೆ, ಎದ್ದರೆ ಮಿದುಳು ಜಗ್ಗುತ್ತದೆ, ಕೆಲವರಿಗೆ ಹೀಗಾಗುವುದುಂಟು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವಳ ತೋಳಿನ ರಕ್ತವನ್ನೇ ತೆಗೆದು ಬೆನ್ನಿಗೆ ಹಾಕಿಸಿ ತೂತು ಮುಚ್ಚಿಸಿದರು. ಸಂಜೆಗೆ ಎದ್ದು ಕೂತಳು. ನೋವಿರಲಿಲ್ಲ.

"ಕೇಳುಸ್ಕಂಡ್ಯಾ?" ಎಂದು ಗಂಡನನ್ನು ದುರುಗುಟ್ಟಿ ನೋಡಿದಳು.

"ತಪ್ಪಾಯ್ತು ಕಣಮ್ಮಿ," ಎಂದ ಶಿವಮಲ್ಲು.

ಕಾಲು ವಾಸಿಯಾದ ಮೇಲೆ ವಸಂತಮ್ಮನ ಹೊಲಕ್ಕೇ ಕಳೆ ಕೀಳಲು ಹೋದಳು. ಎಲ್ಲರಿಗಿಂತ ಮುಂಚೆ ತನ್ನ ಸಾಲು ಮುಗಿಸಿ, ಬದುವಿನ ಮೇಲೆ ಅದೇ ಚಾಪೆ ಹಾಸಿ ಕಾಲು ಚಾಚಿದಳು.

"ಮತ್ತೆ ಸುರುವಾಯ್ತಾ ತಲೆನೋವು?" ವಸಂತಮ್ಮ ಕೇಳಿದಳು.

"ಇಲ್ಲ ಕಣಮ್ನೋರೆ," ದೊಡ್ಡಮಾದಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಇವತ್ತೇನೂ ನೋಯ್ತಾ ಇಲ್ಲ. ಸುಮ್ನ ಮನಿಕ್ಕಂಡಿವ್ನಿ."